ಮರೆವಿನ ಕಾಯಿಲೆಯ ಹಿರಿಯರು ಮತ್ತು ಅವರ ಸಾಮಾನು: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆಯಿಂದ ತಂದೆ ತಾಯಿಯನ್ನು ಡಿಮೆನ್ಷಿಯಾ ಆರೈಕೆ ಮನೆಗೆ ಸೇರಿಸಿದ ಅಥವಾ ಸೇರಿಸಬೇಕೆಂದಿರುವ ಕುಟುಂಬಗಳು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಮಾತ್ರೆಗಳ ಬಗ್ಗೆ ಕೇಳುವವರಿಗಿಂತ ತಾಳಿ, ಟ್ರಂಕು, ಎಲೆ-ಅಡಿಕೆ ಚೀಲದ ಬಗ್ಗೆ ಕೇಳುವವರೇ ಹೆಚ್ಚು. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುತ್ತಿರುವವರಿಗೂ ಇಲ್ಲಿನ ಬಹುಪಾಲು ಮಾತು ಅನ್ವಯಿಸುತ್ತದೆ.

### ಸೇರಿಸುವ ಮುನ್ನ

ಅವ್ವನ ಜೊತೆ ಏನೇನು ಕಳುಹಿಸಬೇಕು? ಅವರು ಕೊಟ್ಟ ಪಟ್ಟಿಯಲ್ಲಿ ಬರೀ ಬಟ್ಟೆ, ಸೋಪು, ಬಾಚಣಿಗೆ ಇದೆ.

ಆ ಪಟ್ಟಿ ಅವರ ಅನುಕೂಲಕ್ಕೆ ಮಾಡಿದ್ದು. ನಿಮ್ಮದೊಂದು ಪಟ್ಟಿ ಬೇರೆಯೇ ಇರಲಿ. ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಕಳೆದುಹೋದರೆ ಇನ್ನೊಂದನ್ನು ತರಬಹುದೇ? ಬಾಯಿಗೆ ಹಾಕಿಕೊಂಡರೆ, ಎಡವಿದರೆ, ಬೆಂಕಿ ತಗುಲಿದರೆ ಏನಾಗುತ್ತದೆ? ಇದು ಕಣ್ಣಿಗೆ ಬೀಳದಿದ್ದರೆ ಅವ್ವ ದಿನವಿಡೀ ಹುಡುಕುತ್ತಾಳೆಯೇ? ಮೊದಲ ಎರಡನ್ನು ಎಲ್ಲರೂ ಕೇಳುತ್ತಾರೆ. ಮೂರನೆಯದನ್ನು ಬಿಟ್ಟುಬಿಡುವುದರಿಂದಲೇ ಹಳೆಯ ಕೌದಿ ಮನೆಯಲ್ಲಿ ಉಳಿಯುತ್ತದೆ, ಅವ್ವ ಅಲ್ಲಿ ರಾತ್ರಿಯೆಲ್ಲ ಎದ್ದು ಕೂರುತ್ತಾಳೆ. ತೆಳುವಾದ ಕೌದಿ, ನೀರು ಕುಡಿಯುತ್ತಿದ್ದ ತಂಬಿಗೆ, ಗಾಜಿಲ್ಲದ ಚೌಕಟ್ಟಿನಲ್ಲಿ ಮನೆದೇವರ ಚಿತ್ರ, ರೇಡಿಯೊ ಕೇಳುವ ರೂಢಿಯಿದ್ದರೆ ರೇಡಿಯೊ: ಇವು ಹೋಗಲೇಬೇಕು.

ಹೊಸ ಜಾಗಕ್ಕೆ ಎಲ್ಲವನ್ನೂ ಹೊಸದಾಗಿಯೇ ಕೊಂಡು ಕೊಟ್ಟರೆ ಚೆನ್ನಲ್ಲವೇ?

ಚೆನ್ನಲ್ಲ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಹೆಚ್ಚು ಕಾಲ ನಿಲ್ಲುತ್ತದೆ. ಅಂಗಡಿಯಿಂದ ನೇರವಾಗಿ ಬಂದ ಚಾದರ ಅವರ ಪಾಲಿಗೆ ಯಾರದ್ದೋ ಚಾದರ. ಹೊಸದಾಗಿ ಕೊಳ್ಳಬೇಕಾದದ್ದು ಒಂದೇ: ಹಿಮ್ಮಡಿಗೆ ಪಟ್ಟಿಯಿರುವ, ಜಾರದ ಅಟ್ಟೆಯ ಚಪ್ಪಲಿ.

ಬಟ್ಟೆಯ ಮೇಲೆ ಪೆನ್ನಿನಿಂದ ಹೆಸರು ಬರೆದರೆ ಸಾಕೇ?

ಕೆಲವು ಒಗೆತಕ್ಕೆ ಮಾಸಿಹೋಗುತ್ತದೆ. ಕುಪ್ಪಸದ ಕತ್ತಿನ ಒಳಭಾಗ, ಲಂಗದ ಲಾಡಿಪಟ್ಟಿ, ಧೋತರದ ಅಂಚು, ಟವೆಲ್ಲಿನ ಮೂಲೆಗೆ ಬಣ್ಣದ ದಾರದಲ್ಲಿ ಎರಡು ಅಕ್ಷರ ಹೊಲಿಸಿ. ಎಲ್ಲ ಬಟ್ಟೆಗೂ ಒಂದೇ ಬಣ್ಣದ ದಾರವಿದ್ದರೆ ಓದಲು ಬಾರದ ಸಹಾಯಕಿಯೂ ಗುರುತಿಸುತ್ತಾಳೆ. ಊರುಗೋಲು, ಕನ್ನಡಕದ ಡಬ್ಬಿ, ತಂಬಿಗೆಯ ತಳಕ್ಕೂ ಗುರುತು ಬೇಕು. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಸುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಕಂಚಿ, ಇಳಕಲ್ ಸೀರೆಗಳು ಮನೆಯಲ್ಲೇ ಇರಲಿ, ಹಬ್ಬದ ದಿನ ನೀವೇ ಒಯ್ದು ಉಡಿಸಿ.

ಕಪಾಟಿನ ಮೇಲೆ 'ಸೀರೆ', 'ಟವೆಲ್' ಎಂದು ಕನ್ನಡದಲ್ಲಿ ಅಂಟಿಸಿದ್ದಾರೆ. ನಮ್ಮಮ್ಮ ಓದಿದ್ದು ತೆಲುಗು.

ಬಳ್ಳಾರಿ, ರಾಯಚೂರಿನಲ್ಲಿ ಇದು ಸಾಮಾನ್ಯ. ಉರ್ದು ಮಾತ್ರ ಓದುವವರಿದ್ದಾರೆ, ಯಾವುದನ್ನೂ ಓದದವರಿದ್ದಾರೆ. ಅಕ್ಷರದ ಬದಲು ಆ ವಸ್ತುವಿನದೇ ಫೋಟೊ ಅಂಟಿಸಲು ಹೇಳಿ. ಅಮ್ಮನದೇ ಸೀರೆಯ ಫೋಟೊ ಆದರೆ ಇನ್ನೂ ಒಳ್ಳೆಯದು. ಕಾಯಿಲೆ ಮುಂದುವರಿದಾಗ ಓದುವುದು ಹೇಗೂ ಕಷ್ಟವಾಗುತ್ತದೆ.

ಸಾಮಾನಿನ ಪಟ್ಟಿಗೆ ಸಹಿ ಹಾಕಿ ಎಂದರು. ಅಷ್ಟೊಂದು ಅಪನಂಬಿಕೆ ಏಕೆ?

ಸಹಿ ಕೇಳದ ಜಾಗದ ಬಗ್ಗೆ ನನಗೆ ಹೆಚ್ಚು ಭಯ. ಪಟ್ಟಿ ಎರಡು ಪ್ರತಿ ಇರಲಿ, ಇಬ್ಬರ ಸಹಿ ಇರಲಿ, ಪ್ರತಿ ವಸ್ತುವಿನ ಫೋಟೊ ಇರಲಿ. ಒಡವೆಯನ್ನು ಅವರು 'ಹಳದಿ ಲೋಹದ ಉಂಗುರ' ಎಂದು ಬರೆದರೆ ಕೋಪ ಬೇಡ. ಅವರಲ್ಲಿ ಒರೆಗಲ್ಲಿಲ್ಲ, ಬಂಗಾರವೆಂದು ಬರೆದುಕೊಟ್ಟು ನಾಳೆ ಹೊಣೆ ಹೊರಲು ಅವರು ತಯಾರಿರುವುದಿಲ್ಲ. ತೂಕ ಬೇಕಿದ್ದರೆ ಅಕ್ಕಸಾಲಿಗರ ಚೀಟಿ ಲಗತ್ತಿಸಿ. ನೀವು ನಡುವೆ ಒಂದು ಸ್ವೆಟರ್ ಕೊಟ್ಟರೂ, ಒಂದು ಸೀರೆ ವಾಪಸು ತಂದರೂ ಪಟ್ಟಿಯಲ್ಲಿ ಬರೆಸಿ. ಜಗಳ ಹುಟ್ಟುವುದು ಬಹುಮಟ್ಟಿಗೆ ಈ ನಡುವಿನ ಕೊಡು-ಕೊಳ್ಳುವಿಕೆಯಿಂದಲೇ.

### ಮೈಮೇಲಿನದು

ತಾಳಿ ಸರ ತೆಗೆಯಬೇಕು ಎನ್ನುತ್ತಾರೆ. ಅಪ್ಪ ಬದುಕಿರುವಾಗ ಅವ್ವನ ಕೊರಳು ಬರಿದು ಮಾಡುವುದು ಹೇಗೆ?

ಬರಿದು ಮಾಡಬೇಡಿ. ಬಂಗಾರದ ಸರ, ಬೋರಮಾಳ ಮನೆಗೆ ಬರಲಿ. ತಾಳಿಯನ್ನು ಅರಿಶಿನದ ದಾರಕ್ಕೆ ಪೋಣಿಸಿ ಕಟ್ಟಿ. ಇದಕ್ಕೆ ಶಾಸ್ತ್ರದ ಅಡ್ಡಿಯೂ ಇಲ್ಲ, ಜಗ್ಗಿದರೆ ಹತ್ತಿಯ ದಾರ ಹರಿಯುತ್ತದೆ. ಮಂಚದ ಸರಳಿಗೆ ಸಿಕ್ಕಿಕೊಂಡಾಗ ಹರಿಯದ ಸರವೇ ಕುತ್ತಿಗೆಗೆ ಅಪಾಯ, ಆದ್ದರಿಂದ ನೈಲಾನ್ ದಾರ ಬೇಡವೇ ಬೇಡ.

ತಾಳಿಗಿಂತ ಮೊದಲು ನೋಡಬೇಕಾದದ್ದು ಅದಕ್ಕೆ ಸಿಕ್ಕಿಸಿಕೊಂಡ ಪಿನ್ನುಗಳನ್ನು. ನಮ್ಮ ಕಡೆಯ ಹೆಂಗಸರ ಸರದಲ್ಲಿ, ಬಳೆಯಲ್ಲಿ ಒಂದೆರಡು ಪಿನ್ನು ಇದ್ದೇ ಇರುತ್ತವೆ. ಮರೆವು ಹೆಚ್ಚಾದವರು ಅದನ್ನು ಬಾಯಲ್ಲಿ ಕಚ್ಚಿಕೊಂಡು ಸೆರಗು ಸರಿಮಾಡಿಕೊಳ್ಳಲು ಹೋಗಿ ಹಾಗೆಯೇ ಮರೆತುಬಿಡಬಹುದು. ಪಿನ್ನು ತೆಗೆದು ಕುಪ್ಪಸಕ್ಕೆ ಗುಂಡಿ ಹೊಲಿಸಿ.

ಗಾಜಿನ ಬಳೆ ಒಡೆದರೆ ವಯಸ್ಸಾದ ತೆಳುಚರ್ಮ ಸುಲಭವಾಗಿ ಸೀಳುತ್ತದೆ, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಬೇಗ ನಿಲ್ಲುವುದೂ ಇಲ್ಲ. ಅದೇ ಹಸಿರು ಬಣ್ಣದ ಪ್ಲಾಸ್ಟಿಕ್ ಬಳೆ ತೊಡಿಸಿ. ತಿರುಪು ಸಡಿಲವಾದ ಮೂಗುತಿ ಬೇಡ. ಉಂಗುರ, ಕಾಲುಂಗುರದ ಕೆಳಗೆ ಬೆರಳು ಬಾತಿದೆಯೇ ಎಂದು ಭೇಟಿ ಕೊಟ್ಟಾಗಲೆಲ್ಲ ನೋಡಿ. ಸಕ್ಕರೆ ಕಾಯಿಲೆ ಇದ್ದರೆ ಕಾಲುಂಗುರವನ್ನು ಮೊದಲೇ ತೆಗೆದಿಡಿ.

ಅಪ್ಪನ ಇಷ್ಟಲಿಂಗ ಬೆಳ್ಳಿಯ ಕರಡಿಗೆಯಲ್ಲಿದೆ. ಸ್ನಾನ ಮಾಡಿಸುವಾಗ ತೆಗೆದಿಡುತ್ತಾರಂತೆ.

ಸೇರಿಸುವ ದಿನವೇ ಮೇಲ್ವಿಚಾರಕರನ್ನು ಕೂರಿಸಿಕೊಂಡು ಹೇಳಿ: ಇದು ಮೈಯಿಂದ ಬೇರೆಯಾಗುವ ವಸ್ತುವಲ್ಲ. ಬೇರೆ ರಾಜ್ಯದಿಂದ ಬಂದ ನರ್ಸುಗಳಿಗೆ ಇದು ಗೊತ್ತಿರುವುದಿಲ್ಲ, ಬರೆದೂ ಕೊಡಿ. ಬೆಳ್ಳಿಯ ಕರಡಿಗೆ ಮನೆಯಲ್ಲಿರಲಿ, ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ. ಕಳ್ಳರ ಕಣ್ಣು ಬೆಳ್ಳಿಯ ಮೇಲೆ, ಅಪ್ಪನ ಕೈ ಲಿಂಗದ ಮೇಲೆ. ಶಿವದಾರವೂ ಹತ್ತಿಯದಿರಲಿ. ತಾಯಿತ, ತಸ್ಬೀಹ್‌ಗೂ ಇದೇ ಮಾತು, ಮಣಿಗಳು ಮಾತ್ರ ನುಂಗಲಾಗದಷ್ಟು ದಪ್ಪಗಿರಲಿ. ನಡುವಿನ ಬೆಳ್ಳಿ ಉಡಿದಾರದ ಜಾಗಕ್ಕೆ ಕರಿದಾರ ಸಾಕು.

ಒಡವೆಗಳನ್ನು ಆರೈಕೆ ಮನೆಯವರ ಕಪಾಟಿನಲ್ಲೇ ಭದ್ರವಾಗಿಡಬಹುದಲ್ಲ?

ಬೇಡ. ಒಪ್ಪಂದದ ಪತ್ರ ತೆಗೆದು ಓದಿ, ಬೆಲೆಬಾಳುವ ವಸ್ತುಗಳಿಗೆ ತಾವು ಹೊಣೆಯಲ್ಲ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಬ್ಯಾಂಕ್ ಲಾಕರ್ ವಾಸಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಜನವರಿಯಿಂದ ಬೆಂಕಿ, ಕಳವು, ಸಿಬ್ಬಂದಿಯ ಮೋಸದಿಂದ ಲಾಕರಿನ ವಸ್ತು ಹೋದರೆ ಬ್ಯಾಂಕು ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಕೊಡಬೇಕು. ಬಂಗಾರದ ಬೆಲೆಗೆ ಅದು ಸಾಲದಿರಬಹುದು, ಆದರೂ ಏನೂ ಇಲ್ಲದ್ದಕ್ಕಿಂತ ಮೇಲು. ಲಾಕರ್ ಅವ್ವನೊಬ್ಬಳ ಹೆಸರಿನಲ್ಲಿದ್ದರೆ, ಅವಳಿಗೆ ತಿಳಿವಳಿಕೆ ಇರುವಾಗಲೇ ಜಂಟಿ ಮಾಡಿಸಿ.

### ಅಪಾಯದ ವಸ್ತುಗಳು

ಎಲೆ-ಅಡಿಕೆ ಚೀಲ ಕಸಿದುಕೊಂಡರೆಂದು ಅಪ್ಪ ಊಟ ಬಿಟ್ಟಿದ್ದಾರೆ.

ಚೀಲ ಕಸಿಯಬಾರದಿತ್ತು. ಅದರಲ್ಲಿನ ಎರಡು ವಸ್ತು ತೆಗೆದರೆ ಸಾಕಿತ್ತು: ಅಡಕತ್ತರಿ ಮತ್ತು ಸುಣ್ಣದ ಡಬ್ಬಿ. ಸುಣ್ಣ ಕಣ್ಣಿಗೆ ತಗುಲಿದರೆ ಸುಡುತ್ತದೆ. ಹಾಗಾದಾಗ ಉಜ್ಜದೆ, ರೆಪ್ಪೆ ಬಿಡಿಸಿ ಕನಿಷ್ಠ 15 ನಿಮಿಷ ಶುದ್ಧ ನೀರು ಸುರಿದು, ತಡಮಾಡದೆ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಅಡಿಕೆಯ ಹೋಳು ಗಂಟಲಿಗೆ ಸಿಕ್ಕುವ ಅಪಾಯವೂ ಇದೆ, ನುಂಗುವಾಗ ಕೆಮ್ಮು ಬರುತ್ತಿದ್ದರೆ ಅಡಿಕೆ ನಿಲ್ಲಿಸಲೇಬೇಕು. ಖಾಲಿ ಚೀಲ ಸೊಂಟದಲ್ಲಿರಲಿ. ಅದನ್ನು ಬಿಚ್ಚಿ, ನೋಡಿ, ಮತ್ತೆ ಕಟ್ಟುವುದೇ ಅವರ ಅರ್ಧ ದಿನದ ಕೆಲಸ.

ದೇವರ ಮುಂದೆ ದೀಪ ಹಚ್ಚಲು ಬಿಡುವುದಿಲ್ಲ. ಇದು ಅತಿಯಾಯಿತಲ್ಲವೇ?

ಅತಿಯಲ್ಲ. ಸೀರೆಯ ಸೆರಗು, ಊದಿನಕಡ್ಡಿ, ಹಚ್ಚಿದ್ದನ್ನು ಮರೆಯುವ ಮನಸ್ಸು ಒಂದೇ ಕೋಣೆಯಲ್ಲಿ ಇರಬಾರದು. ಬ್ಯಾಟರಿಯ ದೀಪ ಕೊಡಿ, ಬ್ಯಾಟರಿಯ ಮುಚ್ಚಳ ತಿರುಪಿನಿಂದ ಬಿಗಿದದ್ದಾಗಿರಲಿ. ಗುಂಡಿಯಾಕಾರದ ಸಣ್ಣ ಬ್ಯಾಟರಿ ನುಂಗಿದರೆ ಅನ್ನನಾಳ ಸುಟ್ಟು ತೂತಾಗಬಹುದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬೆಂಕಿಯ ಬಗ್ಗೆ ಎಲ್ಲರಿಗೂ ಎಚ್ಚರವಿದೆ, ಕರ್ಪೂರದ ಬಗ್ಗೆ ಇಲ್ಲ. ಅದು ಕಲ್ಲುಸಕ್ಕರೆಯಂತೆ ಕಾಣುತ್ತದೆ. ಸ್ವಲ್ಪ ನುಂಗಿದರೂ ಫಿಟ್ಸ್ ಬರಬಹುದು. ವಾಂತಿ ಮಾಡಿಸಲು ಹೋಗದೆ 112ಕ್ಕೆ ಕರೆ ಮಾಡಿ. ಸೀರೆಯ ಮಡಿಕೆಯಲ್ಲಿಡುವ ನುಸಿಗುಳಿಗೆಯೂ ಪೆಪ್ಪರಮೆಂಟಿನಂತೆ ಕಂಡು ಬಾಯಿಗೆ ಹೋಗುತ್ತದೆ. ಟ್ರಂಕಿನಿಂದ ತೆಗೆದ ಬಟ್ಟೆಯನ್ನು ಕೊಡವಿ, ಬಿಸಿಲಿಗೆ ಹಾಕಿ, ಆಮೇಲೆ ಕಳುಹಿಸಿ. ನೀರಿನ ಬಾಟಲಿಯಲ್ಲಿ ಫಿನಾಯಿಲ್ ತುಂಬಿಡುವ ಅಭ್ಯಾಸ ಎಲ್ಲೇ ಕಂಡರೂ, ಆರೈಕೆ ಮನೆಯ ಬಚ್ಚಲಲ್ಲಿ ಕಂಡರೂ, ಅಲ್ಲೇ ಆಕ್ಷೇಪಿಸಿ.

ಬೇಸಿಗೆ 40 ಡಿಗ್ರಿ ದಾಟುತ್ತದೆ. ಮನೆಯ ಕೂಲರ್ ತಂದಿಟ್ಟರೆ ಬೇಡ ಎಂದರು.

ನೀರು ತುಂಬಿದ ತಗಡಿನ ಕೂಲರ್, ಅರ್ಥಿಂಗ್ ಸರಿಯಿಲ್ಲದ ಪ್ಲಗ್ಗು, ಒದ್ದೆ ಕೈ. ಬೇಡ ಎಂದದ್ದು ಸರಿ. ನೀರು ಕಾಯಿಸುವ ಕಾಯಿಲ್, ಎಲೆಕ್ಟ್ರಿಕ್ ಕೆಟಲ್‌ಗೂ ಪ್ರವೇಶವಿಲ್ಲ. ಆದರೆ ಕೋಣೆ ತಂಪಾಗಿಡುವ ಹೊಣೆ ಅವರದು, ಅದನ್ನು ಬಿಟ್ಟುಕೊಡಬೇಡಿ. ಮೇ ತಿಂಗಳಲ್ಲೂ ಎರಡು ಸ್ವೆಟರ್ ಹಾಕಿಕೊಂಡು ಕೂರುವವರಿದ್ದಾರೆ. ಚಳಿಗಾಲ ಮುಗಿದೊಡನೆ ಉಣ್ಣೆ ಬಟ್ಟೆಗಳನ್ನು ಮನೆಗೆ ತನ್ನಿ.

ಕೋಣೆಯ ಕನ್ನಡಿಗೆ ಬಟ್ಟೆ ಮುಚ್ಚಿದ್ದಾರೆ. ಏಕೆ?

ಕೆಲವರಿಗೆ ತಮ್ಮದೇ ಬಿಂಬ ಮನೆಗೆ ನುಗ್ಗಿದ ಅಪರಿಚಿತರಂತೆ ಕಾಣುತ್ತದೆ. ಅವ್ವ ಕನ್ನಡಿ ನೋಡಿ ಬೆಚ್ಚುವುದಿಲ್ಲ, ಕುಂಕುಮ ಇಟ್ಟುಕೊಳ್ಳಲು ಅದು ಬೇಕೇ ಬೇಕು ಎಂದಾದರೆ ತೆಗೆಸಿ.

### ಕಳೆದಾಗ, ಕಳುವಾದಾಗ

ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ ಮತ್ತೆ ಮತ್ತೆ ಕಳೆಯುತ್ತವೆ. ಎಷ್ಟು ಸಲ ಕೊಡಿಸುವುದು?

ಕಳೆಯುವ ಜಾಗಗಳು ಗೊತ್ತಿರುವವೇ. ಹಲ್ಲಿನ ಸೆಟ್ಟು ಊಟದ ತಟ್ಟೆಯಲ್ಲಿ ಉಳಿದು ಎಂಜಲಿನ ಜೊತೆ ಹೋಗುತ್ತದೆ, ಕಿವಿಯ ಯಂತ್ರ ಕಾಗದದಲ್ಲಿ ಸುತ್ತಿಕೊಂಡು ಕಸದ ಬುಟ್ಟಿಗೆ ಹೋಗುತ್ತದೆ, ಕನ್ನಡಕ ದಿಂಬಿನ ಗವಸಿನೊಳಗೆ ಸೇರುತ್ತದೆ. ಹುಡುಕಿದ ಮೇಲೆಯೇ ಬುಟ್ಟಿ ಖಾಲಿ ಮಾಡಬೇಕು, ಕೊಡವಿದ ಮೇಲೆಯೇ ಚಾದರ ಒಗೆಯಲು ಹಾಕಬೇಕು ಎಂಬ ನಿಯಮವಿದೆಯೇ ಎಂದು ಕೇಳಿ. ಹಲ್ಲಿನ ವೈದ್ಯರಿಂದ ಸೆಟ್ಟಿನ ಮೇಲೆ ಹೆಸರು ಬರೆಸಬಹುದು. ಕನ್ನಡಕದ ನಂಬರಿನ ಚೀಟಿ ನಿಮ್ಮ ಬಳಿ ಇರಲಿ, ಅಗ್ಗದ ಚೌಕಟ್ಟಿನಲ್ಲಿ ಇನ್ನೊಂದು ಜೊತೆ ಮಾಡಿಸಿಡಿ. ಇವು ಮೂರೂ ಇಲ್ಲದ ದಿನ ಅವರು ಕಾಣದೆ, ಕೇಳದೆ, ಅಗಿಯಲಾಗದೆ ಕೂತಿರುತ್ತಾರೆ. ನೋಡುವವರು ಕಾಯಿಲೆ ಜಾಸ್ತಿಯಾಯಿತು ಎಂದುಕೊಳ್ಳುತ್ತಾರೆ.

ಅವ್ವ ದಿನವೂ 'ಆಯಾ ನನ್ನ ಸೀರೆ ಕದ್ದಳು' ಎನ್ನುತ್ತಾಳೆ. ನಂಬಬೇಕೇ?

ಅವ್ವನ ದುಃಖವನ್ನು ನಂಬಿ, ಆರೋಪವನ್ನು ಪರೀಕ್ಷಿಸಿ. ತಾನೇ ಭದ್ರವಾಗಿಟ್ಟು ಇಟ್ಟ ಜಾಗ ಮರೆತಾಗ, ಉಳಿದ ಶೂನ್ಯಕ್ಕೆ ಮನಸ್ಸು 'ಯಾರೋ ಕದ್ದರು' ಎಂಬ ಕಾರಣ ಕಟ್ಟುತ್ತದೆ. ಮನೆಯಲ್ಲಿದ್ದಾಗ ಈ ಮಾತು ಸೊಸೆಯ ಮೇಲಿತ್ತು ಎಂಬುದನ್ನು ನೆನಪು ಮಾಡಿಕೊಳ್ಳಿ. ವಾದ ಬೇಡ. 'ಹೌದೇ, ಬಾ ಹುಡುಕೋಣ' ಎಂದು ಜೊತೆಗೆ ಎದ್ದು ನಿಲ್ಲಿ. ಹಾಸಿಗೆಯ ಅಡಿ, ಚಪ್ಪಲಿಯ ಒಳಗೆ, ಕಿಟಕಿಯ ಸಂದಿ, ತಂಬಿಗೆಯ ಒಳಗೆ ನೋಡಿ. ಮರೆಮಾಡುವ ಜಾಗ ಬಹಳ ಬದಲಾಗುವುದಿಲ್ಲ, ಹಿಂದೆ ಸಿಕ್ಕ ಜಾಗಗಳನ್ನು ಬರೆದಿಟ್ಟರೆ ಎಲ್ಲರಿಗೂ ಉಪಯೋಗ.

ಇಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯವಿದೆ. ಆರೈಕೆ ಮನೆಗಳ ಸಹಾಯಕಿಯರು ಕಡಿಮೆ ಸಂಬಳದ, ಬಡ ಮನೆಯ ಹೆಂಗಸರು. ಏನೇ ಕಾಣೆಯಾದರೂ ಮೊದಲು ಅವರ ಚೀಲವನ್ನೇ ಬಿಚ್ಚಿಸುತ್ತಾರೆ. ನಾವು ಬೆಲೆಬಾಳುವ ಒಡವೆಯನ್ನು ಮರೆವಿನವರ ಮೈಮೇಲೆ ಬಿಟ್ಟುಬಂದು, ಅದು ಹೋದ ದಿನ ಅವರನ್ನು ಸಾಲಾಗಿ ನಿಲ್ಲಿಸುವುದು ಅನ್ಯಾಯ. ಒಡವೆ ಮನೆಗೆ ತರುವ ನಿಯಮ ಅವರ ರಕ್ಷಣೆಗೂ ಬೇಕು.

ಅಪ್ಪ ಬೇರೆಯವರ ಟವೆಲ್, ಚಮಚ ಎತ್ತಿಕೊಂಡು ಬರುತ್ತಾರೆ. ನಾಚಿಕೆಯಾಗುತ್ತದೆ.

ನಾಚಿಕೆ ಪಡುವಂಥದ್ದೇನಿಲ್ಲ. ಕೈಗೆ ಕೆಲಸ ಕೊಟ್ಟರೆ ಕಡಿಮೆಯಾಗುತ್ತದೆ. ಮಡಚಲು ಹಳೆಯ ಪಂಚೆಗಳು, ಬೀಗದ ಕೈಗಳ ದೊಡ್ಡ ಗೊಂಚಲು, ರದ್ದಾದ ಲೆಕ್ಕದ ಪುಸ್ತಕ ತುಂಬಿದ ಒಂದು ಪೆಟ್ಟಿಗೆ ಅವರದೇ ಎಂದು ಇಡಿ. ಹತ್ತಿ ಅಂಗಡಿಯಲ್ಲಿ ಲೆಕ್ಕ ಬರೆದವರಿಗೆ ಪುಸ್ತಕ, ಒಕ್ಕಲುತನದವರಿಗೆ ಹಗ್ಗದ ತುಂಡಿನ ಬದಲು ಬಟ್ಟೆಯ ಪಟ್ಟಿ. ಕೊಪ್ಪಳದ ಕಿನ್ನಾಳ ಗೊಂಬೆ ಕೊಡಬಹುದೇ ಎಂದು ಕೇಳಿದವರಿದ್ದಾರೆ. ಬಣ್ಣ ಚಕ್ಕೆಯೇಳುವ ಹಳೆಯ ಗೊಂಬೆಯಾದರೆ ಕಣ್ಣಿಗೆ ಕಾಣುವ ಎತ್ತರದಲ್ಲಿಡಿ, ಕೈಗೆ ಬೇಡ.

ನಿಜವಾಗಿಯೂ ಕಳುವಾಗಿದೆ ಎಂದು ಖಾತ್ರಿಯಾದರೆ?

ಮೇಲ್ವಿಚಾರಕರಿಗೆ ಅದೇ ದಿನ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮೊಗಸಾಲೆಯ ಕ್ಯಾಮೆರಾ ದೃಶ್ಯ ಅಳಿಸದಂತೆ ಅದೇ ಪತ್ರದಲ್ಲಿ ಬರೆಯಿರಿ, ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿಯೇ ದಾಖಲಾಗುತ್ತಾ ಹೋಗುತ್ತದೆ. ಪಟ್ಟಿ, ಫೋಟೊ, ಅಕ್ಕಸಾಲಿಗರ ಚೀಟಿಯೊಂದಿಗೆ ಪೊಲೀಸ್ ಠಾಣೆಗೆ ಹೋಗಿ. ಪಟ್ಟಿ ಇಲ್ಲದವರ ದೂರು ಅಲ್ಲಿ ಬಾಯಿಮಾತಾಗಿಯೇ ಉಳಿಯುವ ಸಂಭವ ಹೆಚ್ಚು.

### ಹಣ, ಮೊಬೈಲ್, ಕಾಗದಪತ್ರ

ಸೆರಗಿನ ಗಂಟಿನಲ್ಲಿ ದುಡ್ಡಿಲ್ಲದಿದ್ದರೆ ಅವ್ವ ಅಳುತ್ತಾಳೆ.

ಹತ್ತು ಇಪ್ಪತ್ತರ ಕೆಲವು ನೋಟು ಕಟ್ಟಿಕೊಡಿ. ಹೋದರೆ ಹೋಗಲಿ ಎನ್ನುವಷ್ಟೇ. ನಾಣ್ಯ ಬೇಡ, ಬಾಯಿಗೆ ಹೋಗುತ್ತದೆ. ಮಕ್ಕಳಾಟದ ನಕಲಿ ನೋಟು ಕೊಟ್ಟು ಏಮಾರಿಸುವವರಿದ್ದಾರೆ, ನನಗದು ಇಷ್ಟವಿಲ್ಲ.

ಟ್ರಂಕು ಖಾಲಿ ಮಾಡುವಾಗ ಹಳೆಯ 500, 1000ದ ನೋಟು ಸಿಕ್ಕಿವೆ. ಏನು ಮಾಡಲಿ?

2016ರ ನವೆಂಬರ್ 8ರಂದು ರದ್ದಾದ ಆ ನೋಟುಗಳಿಗೆ ಈಗ ಬೆಲೆಯಿಲ್ಲ. 2017ರ ಕಾಯ್ದೆಯಂತೆ ಒಬ್ಬರು ಒಟ್ಟು 10ಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು ದಂಡನಾರ್ಹ, ಆದ್ದರಿಂದ ಕಂತೆ ಸಿಕ್ಕರೆ ವಕೀಲರನ್ನು ಕೇಳಿ. 2000ದ ನೋಟಿನ ಕಥೆ ಬೇರೆ. 2023ರ ಮೇ ತಿಂಗಳಲ್ಲಿ ಅದನ್ನು ಚಲಾವಣೆಯಿಂದ ಹಿಂಪಡೆಯುವುದಾಗಿ ಪ್ರಕಟಿಸಿದರೂ ಮಾನ್ಯತೆ ಹೋಗಿಲ್ಲ, ಬೆಂಗಳೂರಿನ ರಿಸರ್ವ್ ಬ್ಯಾಂಕ್ ಕಚೇರಿಗೆ ಅಂಚೆಯಲ್ಲಿ ಕಳುಹಿಸಿ ಖಾತೆಗೆ ಜಮಾ ಮಾಡಿಸಬಹುದು. ಟ್ರಂಕನ್ನು ಗುಜರಿಗೆ ಹಾಕುವ ಮುನ್ನ ಅಡಿಯಲ್ಲಿ ಹಾಸಿದ ಹಳೆಯ ಪತ್ರಿಕೆ, ಸೀರೆಯ ಮಡಿಕೆ ಎಲ್ಲ ಬಿಡಿಸಿ ನೋಡಿ.

ಅಪ್ಪನ ಬಳಿ ಮೊಬೈಲ್ ಇರಬಹುದೇ?

ಇರಬಹುದು, ಬ್ಯಾಂಕಿಗೆ ಜೋಡಿಸಿದ ಸಿಮ್ ಅದರಲ್ಲಿರಬಾರದು. ಬೇರೆ ಸಿಮ್ ಹಾಕಿದ ಗುಂಡಿಗಳ ಸಾದಾ ಫೋನಿನಲ್ಲಿ ಮನೆಯವರ ನಂಬರುಗಳಷ್ಟೇ ಇರಲಿ. ಪೊಲೀಸರ ಹೆಸರಿನಲ್ಲಿ ಹೆದರಿಸಿ ಹಣ ಕೀಳುವ ಕರೆ ಬಂದು ಹಣ ಹೋಗಿದ್ದರೆ ಕೂಡಲೇ 1930ಕ್ಕೆ ತಿಳಿಸಿ. ಎಟಿಎಂ ಕಾರ್ಡು, ಅದರ ಹಿಂದೆ ಬರೆದಿಟ್ಟ ಪಿನ್ ಸಂಖ್ಯೆ, ಮೂಲ ಆಧಾರ್, ಪಾಸ್‌ಬುಕ್ ಯಾವುದೂ ಅಲ್ಲಿರಬಾರದು. ಆಧಾರಿನ ಬೆರಳಚ್ಚನ್ನು ತಾತ್ಕಾಲಿಕವಾಗಿ ಲಾಕ್ ಮಾಡುವ ಸೌಲಭ್ಯವಿದೆ, ಬಳಸಿ.

ಚಿಕ್ಕಪ್ಪ ಅಲ್ಲಿಗೇ ಹೋಗಿ ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರೆ?

ನೀರಾವರಿ ಜಮೀನಿರುವ ಕುಟುಂಬಗಳ ನಿಜವಾದ ಭಯ ಇದು. ಯಾವ ಕಾಗದಕ್ಕೂ ಅಲ್ಲಿ ಸಹಿ, ಹೆಬ್ಬೆಟ್ಟು ಹಾಕಿಸಬಾರದು, ಭೇಟಿಗೆ ಬಂದವರೆಲ್ಲರ ಹೆಸರು ದಾಖಲಾಗಬೇಕು ಎಂದು ಸೇರಿಸುವಾಗಲೇ ಬರೆದುಕೊಡಿ. ತಿಳಿವಳಿಕೆ ಇಲ್ಲದ ಸ್ಥಿತಿಯಲ್ಲಿ ಮಾಡಿಸಿದ ಪತ್ರವನ್ನು ಪ್ರಶ್ನಿಸಬಹುದು. ಅದಕ್ಕೆ ಆ ಕಾಲದ ವೈದ್ಯರ ದಾಖಲೆ ಬೇಕು, ಆದ್ದರಿಂದ ಹಳೆಯ ಚೀಟಿಗಳನ್ನೂ ಎಸೆಯಬೇಡಿ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು.

ಮುಖ್ತ್ಯಾರ್ ಪತ್ರ ಮಾಡಿಸಿಟ್ಟಿದ್ದೇವೆ. ಇನ್ನೇನು ಚಿಂತೆ?

ಚಿಂತೆ ಅಲ್ಲೇ ಇದೆ. 1872ರ ಕರಾರು ಕಾಯ್ದೆಯ 201ನೇ ಕಲಮಿನಂತೆ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಮುಗಿಯುತ್ತದೆ. ಬೇಕಾದ ಹೊತ್ತಿಗೇ ಅದು ಬಲ ಕಳೆದುಕೊಳ್ಳುತ್ತದೆ. ಕಾಯಿಲೆ ಆರಂಭದಲ್ಲಿದ್ದರೆ ಜಂಟಿ ಖಾತೆ, ನಾಮನಿರ್ದೇಶನ, ವೈದ್ಯರ ಪ್ರಮಾಣಪತ್ರದೊಂದಿಗೆ ಉಯಿಲು ಮುಗಿಸಿಬಿಡಿ. ತಡವಾದವರು ಪಾಲಕರ ನೇಮಕಕ್ಕಾಗಿ ಹೈಕೋರ್ಟಿನ ಮೊರೆಹೋಗಬೇಕಾಗಬಹುದು: ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ಹಣ ತೆಗೆಯಲು ಅವರನ್ನು ಬ್ಯಾಂಕಿಗೆ ಹೊತ್ತೊಯ್ಯಬೇಕಿಲ್ಲ. 70 ದಾಟಿದವರಿಗೆ ಮನೆಬಾಗಿಲಿನ ಸೇವೆ ಕೊಡುವಂತೆ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ.

ನಮ್ಮ ಕಡೆ ಇದನ್ನೆಲ್ಲ ಯಾರನ್ನು ಕೇಳುವುದು?

ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್ 14416, ಎರಡೂ ಉಚಿತ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ. 1980ರ ದಶಕದಲ್ಲಿ ನಿಮ್ಹಾನ್ಸ್ ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯ ಪ್ರಯೋಗ ನಡೆಸಿದ್ದು ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಆ 'ಬಳ್ಳಾರಿ ಮಾದರಿ'ಯೇ ಆಧಾರ. ಇಷ್ಟಿದ್ದೂ 'ವಯಸ್ಸಾಯಿತು, ಅರಳುಮರಳು' ಎಂದು ಆಸ್ಪತ್ರೆಗೇ ತೋರಿಸದವರು ಇಲ್ಲಿ ಬಹಳ.

ತೀರಿಕೊಂಡ ಮೇಲೆ ಸಾಮಾನು ಯಾರ ಕೈಗೆ ಕೊಡುತ್ತಾರೆ?

ಸಾಮಾನ್ಯವಾಗಿ ಸೇರಿಸುವಾಗ ಸಹಿ ಹಾಕಿದವರ ಕೈಗೆ. ಪಡೆದವರು ವಾರಸುದಾರರಾಗಿಬಿಡುವುದಿಲ್ಲ, ಅಣ್ಣತಮ್ಮಂದಿರಿಗೆ ಇದನ್ನು ಮೊದಲೇ ಹೇಳಿಡಿ. ಇಬ್ಬರು ಹೋಗಿ ಪಟ್ಟಿಗೆ ತಾಳೆ ನೋಡಿ ಸಹಿ ಹಾಕಿ ತನ್ನಿ. ಆ ಗಡಿಬಿಡಿಯಲ್ಲಿ ಕನ್ನಡಕ, ತಂಬಿಗೆ ಅಲ್ಲೇ ಉಳಿಯುತ್ತವೆ, ದಿಂಬಿನ ಗವಸನ್ನೂ ಒಮ್ಮೆ ತಿರುವಿ ನೋಡಿ. ವಾಕರ್, ಗಾಲಿಕುರ್ಚಿಯನ್ನು ಅಲ್ಲಿಗೇ ಕೊಡುವುದಾದರೆ ದಾನವೆಂದು ಬರೆಸಿ ರಸೀದಿ ಪಡೆಯಿರಿ. ಉಳಿದ ಮಾತ್ರೆಗಳನ್ನು ಮಾತ್ರ ಮನೆಯ ಕಪಾಟಿಗೆ ಸೇರಿಸಬೇಡಿ, ಯಾರಿಗೂ ದಾನವಾಗಿಯೂ ಕೊಡಬೇಡಿ.